ಈಜುವ ನೀರಿಗೆ ಮಿತಿ ಇದೆ, ಚಿಪ್ಪು ಆಯುವ ನೀರಿಗೆ ಇಲ್ಲ: ಗೋವಾ ಸರ್ಕಾರಕ್ಕೊಂದು ಬಹಿರಂಗ ಪತ್ರ

ಗೋವಾದ ಮೀನುಗಾರಿಕಾ ನಿರ್ದೇಶನಾಲಯ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ಆಹಾರ ಹಾಗೂ ಔಷಧ ಆಡಳಿತ ನಿರ್ದೇಶನಾಲಯದ ಅಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಬೇಡಿಕೆ ಒಂದೇ. ಮಾಂಡವಿ, ಝುವಾರಿ, ಸಾಳ, ಚಾಪೋರಾ ಅಳಿವೆಗಳಲ್ಲಿ ಜನ ತಿಸ್ರ್ಯೊ, ಖುಬೆ (ಮರಳು, ಕೆಸರಿನ ಚಿಪ್ಪುಗಳು), ಶಿನಾಣ್ಯೊ (ಪಚ್ಚಿಲೆ), ಕಾಲ್ವಾ (ಆಯ್ಸ್ಟರ್) ಆಯುವ ಜಾಗಗಳನ್ನು ಗುರುತಿಸಿ. ಅಲ್ಲಿಯ ಚಿಪ್ಪಿನ ಮಾಂಸವನ್ನೇ ಪರೀಕ್ಷೆಗೆ ಹಾಕಿ. ಇಲ್ಲಿಯದು ತಿನ್ನಬಹುದು, ಇಲ್ಲಿಯದನ್ನು ಶುದ್ಧ ಮಾಡಿದ ಮೇಲಷ್ಟೇ ತಿನ್ನಬಹುದು, ಇಲ್ಲಿಯದು ಬೇಡವೇ ಬೇಡ ಎಂದು ದಂಡೆಯ ಮೇಲೆ ಬೋರ್ಡು ಹಾಕಿ. ಜೋರು ಮಳೆ ಬಂದಾಗ ಆ ಬೋರ್ಡು ಬದಲಿಸಿ. ಇದು ಏಕೆ ಬೇಕು, ಹೇಗೆ ಮಾಡಬೇಕು, ಅರೆಬರೆ ಮಾಡಿದರೆ ಎಲ್ಲಿ ಕೆಡುತ್ತದೆ ಎಂಬುದನ್ನು ಮುಂದೆ ಬರೆದಿದ್ದೇವೆ.

ಕನ್ನಡದಲ್ಲಿ ಬರೆದು ಎಲ್ಲರ ಮುಂದೆ ಇಡುತ್ತಿರುವುದಕ್ಕೆ ಕಾರಣ ವಾಸ್ಕೊ, ಬೈನಾ, ಝುವಾರಿನಗರ, ಮಡಗಾಂವ್, ಮಾಪುಸಾಗಳ ಕನ್ನಡದ ಮನೆಗಳು. ಕಾರವಾರ, ಅಂಕೋಲಾದವರು ಬಳಚು ಎಂದು, ಉಡುಪಿ, ಮಂಗಳೂರಿನವರು ಮರುವಾಯಿ ಎಂದು ಇದೇ ಚಿಪ್ಪನ್ನು ಇಲ್ಲಿಯ ಸಂತೆಯಲ್ಲಿ ಕೊಳ್ಳುತ್ತಾರೆ. ಗದಗ, ವಿಜಯಪುರದ ಕಡೆಯಿಂದ ದುಡಿಮೆಗೆ ಬಂದು ನೆಲೆಸಿದವರಲ್ಲಿ ಚಿಪ್ಪಿನ ರುಚಿ ಹತ್ತಿಸಿಕೊಂಡವರೂ ಇದ್ದಾರೆ. ಯಾವ ನೀರಿನ ಚಿಪ್ಪು ಎಂದು ಕೇಳುವ ರೂಢಿ ಇವರಿಗಿಲ್ಲ, ಕೇಳಿದರೂ ಉತ್ತರ ಸಿಗುವುದಿಲ್ಲ.

ಮೊದಲು ನಿಯಮದಲ್ಲಿರುವ ತೂತು. 1986ರ ಪರಿಸರ ಸಂರಕ್ಷಣಾ ನಿಯಮಗಳ ಅಡಿಯಲ್ಲಿ ಕರಾವಳಿಯ ನೀರನ್ನು ಐದು ವರ್ಗ ಮಾಡಲಾಗಿದೆ. ಎಲ್ಲಕ್ಕಿಂತ ಮೇಲಿನದು ಎಸ್‌ಡಬ್ಲ್ಯು-1: ಉಪ್ಪಿನಾಗರ, ಚಿಪ್ಪು ಸಂಗ್ರಹ, ಕಡಲ ಕೃಷಿ ಮತ್ತು ಸೂಕ್ಷ್ಮ ಪರಿಸರಕ್ಕೆ ಮೀಸಲಾದ ನೀರು. ಅದರ ಅಳತೆಗಳನ್ನು ಓದಿ ನೋಡಿ. ಪಿಎಚ್ 6.5ರಿಂದ 8.5. ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ. ಎಣ್ಣೆ, ಜಿಡ್ಡು 0.1 ಮಿಲಿಗ್ರಾಂ ದಾಟಬಾರದು. ಪಾದರಸ, ಸೀಸ, ಕ್ಯಾಡ್ಮಿಯಂ ತಲಾ 0.01 ಮಿಲಿಗ್ರಾಂ. ನೀರಿಗೆ ಮಲ ಬೆರೆತಿದೆ ಎಂದು ತೋರಿಸಿಕೊಡುವ ಮಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾಕ್ಕೆ ಮಾತ್ರ ಅಲ್ಲಿ ಸಾಲೇ ಇಲ್ಲ! ಅದು ಕಾಣಿಸಿಕೊಳ್ಳುವುದು ಎರಡನೆಯ ವರ್ಗದಲ್ಲಿ, ಸ್ನಾನ ಮತ್ತು ಜಲಕ್ರೀಡೆಯ ನೀರಿಗೆ: 100 ಮಿಲಿಲೀಟರಿಗೆ 100. ಕೊಳಚೆಯಿಂದ ಬಂದ ತೇಲುಕಣ ಇರಕೂಡದು ಎಂಬ ಒಂದು ವಾಕ್ಯ ಮೊದಲ ವರ್ಗದಲ್ಲೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಕಾಯಿಲೆ ತರುವುದು ಕಣ್ಣಿಗೆ ಕಾಣುವ ಕಣವಲ್ಲ. ನೀರಿನಲ್ಲಿ ಮೈ ನೆನೆಸಿ ಎದ್ದು ಹೋಗುವವನಿಗೆ ಮಿತಿ ಕಟ್ಟಿ, ಆ ನೀರನ್ನು ಹಗಲಿರುಳು ಸೋಸಿದ ಜೀವಿಯನ್ನು ತಿನ್ನುವವನನ್ನು ಕೈಬಿಟ್ಟ ಪಟ್ಟಿ ಇದು.

ಬೇರೆಡೆ ಈ ಲೆಕ್ಕ ತಲೆಕೆಳಗು. ಅಮೆರಿಕದಲ್ಲಿ ಚಿಪ್ಪು ನೇರವಾಗಿ ತೆಗೆದು ಮಾರಬಹುದಾದ ನೀರಿನಲ್ಲಿ ಮಲದ ಕೋಲಿಫಾರ್ಮ್ ಸರಾಸರಿ 100 ಮಿಲಿಲೀಟರಿಗೆ 14 ದಾಟುವಂತಿಲ್ಲ. ಯುರೋಪಿನವರು ನೀರನ್ನು ಬಿಟ್ಟು ಚಿಪ್ಪಿನ ಮಾಂಸವನ್ನೇ ಅಳೆಯುತ್ತಾರೆ. 100 ಗ್ರಾಂ ಮಾಂಸ ಮತ್ತು ಚಿಪ್ಪಿನೊಳಗಿನ ನೀರಿನಲ್ಲಿ ಇ-ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾ 230ರೊಳಗಿದ್ದರೆ ‘ಎ’ ದರ್ಜೆ, ನೇರ ಮಾರಾಟ. ನೂರಕ್ಕೆ ತೊಂಬತ್ತು ಮಾದರಿಗಳು 4,600ರ ಒಳಗಿದ್ದರೆ ‘ಬಿ’, ಶುದ್ಧಿ ಮಾಡಿಯೇ ಮಾರಬೇಕು. 46,000ದವರೆಗೆ ‘ಸಿ’: ತಿಂಗಳುಗಟ್ಟಲೆ ಚೊಕ್ಕ ನೀರಿನಲ್ಲಿ ಇಟ್ಟ ಮೇಲೆ, ಇಲ್ಲವೇ ಕಾರ್ಖಾನೆಯಲ್ಲಿ ಬೇಯಿಸಿದ ಮೇಲೆ. ಅದರಾಚೆ ಹೋದರೆ ಮುಟ್ಟುವ ಹಾಗೇ ಇಲ್ಲ. ನಮ್ಮ ದೇಶದಿಂದ ಯುರೋಪಿಗೆ ಚಿಪ್ಪು ಕಳಿಸಬೇಕೆಂದರೆ ಈ ದರ್ಜೆ ಕೇಳುತ್ತಾರೆ. ನಮ್ಮ ತಟ್ಟೆಗೆ ಬರುವ ಚಿಪ್ಪಿಗೆ ಯಾರೂ ಕೇಳುವುದಿಲ್ಲ.

ನೀರು ಬಿಟ್ಟು ಮಾಂಸವನ್ನೇಕೆ ಅಳೆಯಬೇಕು? ಬೆಳೆದ ಒಂದು ಕಾಲ್ವಾ ಅನುಕೂಲದ ದಿನ ಗಂಟೆಗೆ ಹಲವು ಲೀಟರ್ ನೀರನ್ನು ಕಿವಿರಿನ ಮೇಲೆ ಹಾಯಿಸುತ್ತದೆ, ತಿಸ್ರ್ಯೊ ಅದಕ್ಕಿಂತ ಕಡಿಮೆ. ಕಿವಿರಿನ ಲೋಳೆಗೆ ಅಂಟಿದ ಕಣ ಬಾಯಿಗೆ ಸಾಗುತ್ತದೆ. ಬೇಡದ್ದನ್ನು ಲೋಳೆಯ ಉಂಡೆ ಮಾಡಿ ಹೊರಗೆ ಉಗುಳುತ್ತದೆ, ಉಳಿದದ್ದು ಜೀರ್ಣಗ್ರಂಥಿ ಸೇರುತ್ತದೆ. ಕೊಳಚೆಯ ಬ್ಯಾಕ್ಟೀರಿಯಾ, ವೈರಸ್ ಕಡಲಲ್ಲಿ ಒಂಟಿಯಾಗಿ ತೇಲುವುದು ಕಡಿಮೆ, ಹೆಚ್ಚಿನವು ಮಣ್ಣಿನ ಕಣಕ್ಕೆ ಅಂಟಿಕೊಂಡೇ ಬರುತ್ತವೆ. ಹಾಗಾಗಿ ಅವು ಸುಲಭವಾಗಿ ಸಿಕ್ಕಿಬೀಳುತ್ತವೆ, ಸುತ್ತಲಿನ ನೀರಿನಲ್ಲಿ ಇರುವುದಕ್ಕಿಂತ ಹಲವು ಪಟ್ಟು ಮಾಂಸದಲ್ಲಿ ಕೂಡುತ್ತವೆ. ಮೀನಿನಲ್ಲಿ ನಾವು ಕರುಳು ಕಿತ್ತು ಬಿಸಾಡುತ್ತೇವೆ. ಚಿಪ್ಪಿನಲ್ಲಿ ಕರುಳಿನ ಸಮೇತ ತಿನ್ನುತ್ತೇವೆ. ಏಡಿ, ಸಿಗಡಿಗಿಂತ ಚಿಪ್ಪಿಗೆ ಬೇರೆ ಕಾನೂನು ಬೇಕು ಎನ್ನಲು ಈ ಒಂದು ಕಾರಣ ಸಾಕು.

ನೀರಿನ ಮಾದರಿ ಆ ಗಳಿಗೆಯದ್ದನ್ನು ಮಾತ್ರ ಹೇಳುತ್ತದೆ. ಬೆಳಗ್ಗೆ ಭರತದಲ್ಲಿ ತೆಗೆದ ನೀರು ಚೊಕ್ಕ ಕಾಣಬಹುದು. ಅದೇ ಜಾಗದಲ್ಲಿ ಇಳಿತದ ಕೊನೆಗೆ, ನಾಲೆಯ ನೀರು ಬೆರೆಯಲು ಕಡಲ ನೀರೇ ಉಳಿಯದಿದ್ದಾಗ ತೆಗೆದರೆ ಲೆಕ್ಕವೇ ಬೇರೆ. ಚಿಪ್ಪು ಎರಡೂ ಹೊತ್ತಿನದನ್ನು ಉಂಡಿರುತ್ತದೆ. ಮಂಡಳಿ ನದಿ, ಕಡಲತೀರಗಳ ನೀರು ಪರೀಕ್ಷಿಸುತ್ತಿದೆ, ಅದು ನಿಲ್ಲಬಾರದು. ಆದರೆ ಆ ಅಂಕಿಗಳನ್ನು ತೋರಿಸಿ ಚಿಪ್ಪು ಸುರಕ್ಷಿತ ಎನ್ನಲು ಬರುವುದಿಲ್ಲ.

ಇನ್ನು ಕೊಳಚೆ. ಗೋವಾದಲ್ಲಿ ಇದು ಕಾರ್ಖಾನೆಗಿಂತ ದೊಡ್ಡ ಪ್ರಶ್ನೆ ಎಂದು ನಮ್ಮ ಅಭಿಪ್ರಾಯ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದೀಪಾತ್ರಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಪುಟ್ಟ ಗೋವಾದ್ದೇ 11. ಖಾರೆಬಾಂದದಿಂದ ಮೊಬೊರ್‌ವರೆಗಿನ ಸಾಳ ನದಿ ಅದರಲ್ಲೊಂದು. ಮೊಬೊರ್ ಎಂದರೆ ಸಾಳ ಕಡಲು ಸೇರುವ ಬಾಯಿ, ಚಿಪ್ಪು ಸಿಗುವ ಜಾಗ. ಪಣಜಿಯ ಟೊಂಕಾ, ಮಡಗಾಂವ್‌ನ ಶಿರ್ವೊಡೆಂ, ವಾಸ್ಕೊದ ಬೈನಾಗಳಲ್ಲಿ ಕೊಳಚೆ ಸಂಸ್ಕರಣಾ ಘಟಕಗಳಿವೆ. ಆದರೆ ಪಟ್ಟಣದ ಚರಂಡಿ ಜಾಲಕ್ಕೆ ಸೇರದ ಮನೆಗಳೆಲ್ಲ ಸೆಪ್ಟಿಕ್ ಟ್ಯಾಂಕಿನವು. ಜಂಬಿಟ್ಟಿಗೆ ನೆಲದಲ್ಲಿ ತೂತುಗಳೇ ತೂತುಗಳು. ಬೇಸಿಗೆಯಲ್ಲಿ ಇಂಗುಗುಂಡಿಯ ನೀರು ಕೆಳಗಿಳಿಯುತ್ತದೆ. ಜೂನ್‌ನಲ್ಲಿ ಅಂತರ್ಜಲ ಮೇಲೇರಿ ಗುಂಡಿಯ ತಳ ಮುಟ್ಟಿದಾಗ ಅದೇ ನೀರು ಅಡ್ಡಕ್ಕೆ ಹರಿದು ಹಳ್ಳ, ಖಾಜಾಣ ಗದ್ದೆಗಳ (ಅಳಿವೆಯ ಅಂಚಿನ ತಗ್ಗು ಗದ್ದೆಗಳ) ಮೂಲಕ ಅಳಿವೆಗೆ ಬರುತ್ತದೆ. ಇದರ ಮೇಲೆ ಟ್ಯಾಂಕರಿನವರು ಕತ್ತಲಲ್ಲಿ ನಾಲೆಗೆ ಖಾಲಿ ಮಾಡಿದರಂತೂ, ಕೆಳಗಿನ ಚಿಪ್ಪಿನ ದಿಬ್ಬಕ್ಕೆ (ಚಿಪ್ಪು ಗುಂಪಾಗಿ ಬೆಳೆಯುವ ಜಾಗಕ್ಕೆ) ಒಂದೇ ರಾತ್ರಿಯಲ್ಲಿ ಬೀಳುವ ಹೊರೆ ಅಷ್ಟಿಷ್ಟಲ್ಲ.

ಸಂಸ್ಕರಣಾ ಘಟಕ ಇದೆ ಎಂದ ಮಾತ್ರಕ್ಕೆ ಚಿಪ್ಪಿಗೆ ರಕ್ಷಣೆ ಸಿಕ್ಕಿತೆಂದು ತಿಳಿಯಬೇಡಿ. ಕಚ್ಚಾ ಕೊಳಚೆಯಲ್ಲಿ ಮಲದ ಕೋಲಿಫಾರ್ಮ್ 100 ಮಿಲಿಲೀಟರಿಗೆ ಹತ್ತು ಲಕ್ಷದಿಂದ ಕೋಟಿಯವರೆಗೆ ಇರುತ್ತದೆ. ಗಾಳಿ ಊದಿ, ಕೆಸರು ಇಳಿಸುವ ಎರಡನೆಯ ಹಂತದ ಸಂಸ್ಕರಣೆ ಅದರಲ್ಲಿ ನೂರಕ್ಕೆ 90ರಿಂದ 99 ತೆಗೆದರೂ ಉಳಿಯುವುದು ಹತ್ತಾರು ಸಾವಿರ, ಕೆಲವೊಮ್ಮೆ ಲಕ್ಷ. ಅದಕ್ಕೇ 2017ರ ಅಧಿಸೂಚನೆ ಹೊರಬಿಡುವ ನೀರಿಗೆ ಸಾವಿರದ ಮಿತಿ ಹಾಕಿದ್ದು. ಕ್ಲೋರಿನ್ ಅಥವಾ ಅತಿನೇರಳೆ ಹಂತ ಒಂದು ದಿನ ಕೆಟ್ಟರೆ ಬಿಒಡಿ (ನೀರಿನ ಕೊಳೆಯುವ ಹೊಲಸಿನ ಅಳತೆ) ಅಂಕಿಯಲ್ಲಿ ಅದು ಗೊತ್ತಾಗುವುದಿಲ್ಲ, ಚಿಪ್ಪಿಗೆ ಗೊತ್ತಾಗುತ್ತದೆ. ವಿದ್ಯುತ್ ಹೋಗಿ ಪಂಪು ನಿಂತರೆ, ತುಂಬಿದ ಕೊಳಚೆ ಬಾವಿಯ ನೀರು ಮ್ಯಾನ್‌ಹೋಲಿನಿಂದ ಉಕ್ಕಿದರೆ, ಆ ಘಟಕದವರು ಕೂಡಲೇ ಫೋನು ಮಾಡಬೇಕಾದದ್ದು ಮೀನುಗಾರಿಕಾ ಇಲಾಖೆಗೆ. ಆ ಇಲಾಖೆ ಕೆಳಗಿನ ದಿಬ್ಬವನ್ನು ಅಂದೇ ಮುಚ್ಚಬೇಕು. ಮೂರು ಕಚೇರಿಗಳ ನಡುವೆ ಆ ಒಂದು ಫೋನಿನ ಕೊಂಡಿ ಹಾಕಲು ಹೊಸ ಕಾನೂನೇನೂ ಬೇಡ.

ಮಳೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇಲ್ಲಿಯೇ ಬೇರೆ ದೇಶದ ನಿಯಮವನ್ನು ಹಾಗೇ ನಕಲು ಮಾಡಿದರೆ ಕೆಟ್ಟಿತು. ಗೋವಾದ ಮಳೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಮೊದಲ ಮಳೆ ಎಂಟು ತಿಂಗಳ ಹೊಲಸನ್ನೆಲ್ಲ ತೊಳೆದು ತರುತ್ತದೆ. ನೀರು ಕೆಂಪಾಗಿ, ಬಿಸಿಲು ಒಳಗಿಳಿಯದೆ, ತಿಳಿ ಕಡಲಲ್ಲಿ ಕೆಲವೇ ಗಂಟೆಗಳಲ್ಲಿ ಸಾಯುತ್ತಿದ್ದ ಬ್ಯಾಕ್ಟೀರಿಯಾ ದಿನಗಟ್ಟಲೆ ಉಳಿಯುತ್ತವೆ. ಉಪ್ಪು ತೀರಾ ಇಳಿದಾಗ ತಿಸ್ರ್ಯೊ ಬಾಯಿ ಮುಚ್ಚಿ ಕೂರುತ್ತದೆ, ಸೋಸುವುದೂ ಇಲ್ಲ, ಒಳಗಿರುವುದನ್ನು ಹೊರಗೆ ಹಾಕುವುದೂ ಇಲ್ಲ. ಆಗ ತೆಗೆದ ಮಾದರಿ ಕೆಲವೊಮ್ಮೆ ಮೋಸ ಮಾಡುತ್ತದೆ: ಅಂಕಿ ಕಡಿಮೆ ಬರುತ್ತದೆ. ಉಪ್ಪು ಮರಳಿ ಬಾಯಿ ತೆರೆದ ಮೇಲೆ ಮಣ್ಣಿನಲ್ಲಿ ಕೂತಿದ್ದ ಹೊಲಸನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಮಾದರಿಯ ಜೊತೆಗೆ ಆ ಹೊತ್ತಿನ ಉಪ್ಪಿನಂಶ ಬರೆಯದಿದ್ದರೆ ಆ ಅಂಕಿಗೆ ಬೆಲೆಯಿಲ್ಲ. ಯಂತ್ರದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇದೆ. ಕೈಯಲ್ಲಿ ಚಿಪ್ಪು ಆಯುವವರಿಗೆ ಅದು ತಾಗುವುದಿಲ್ಲ, ಬೇರೆ ಮೀನು ಇಲ್ಲದ ಆ ತಿಂಗಳುಗಳಲ್ಲಿಯೇ ಚಿಪ್ಪಿಗೆ ಗಿರಾಕಿ ಹೆಚ್ಚು. ನಮ್ಮ ಪ್ರಕಾರ ಪಟ್ಟಣದ ಕೆಳಗಿನ ದಿಬ್ಬಗಳನ್ನು ಮಳೆ ಹಿಡಿದಾಗ ಮುಚ್ಚಿ, ಉಪ್ಪು ಮರಳಿ ಸತತ ಎರಡು ಮಾದರಿ ಸರಿ ಬಂದ ಮೇಲೆ ತೆರೆಯಬೇಕು. ಮಳೆಗಾಲದಾಚೆಗೂ, ಅಕ್ಟೋಬರ್‌ನಲ್ಲೋ ಮೇ ತಿಂಗಳಲ್ಲೋ ಗುಡುಗಿ ಸುರಿದರೆ, ಎಷ್ಟು ಮಿಲಿಮೀಟರಿಗೆ ಎಷ್ಟು ದಿನ ಮುಚ್ಚಬೇಕು ಎಂಬುದನ್ನು ಆಯಾ ದಿಬ್ಬದ ಮಾದರಿಗಳೇ ಹೇಳಬೇಕು. ಪಣಜಿಯ ಕಚೇರಿಯಲ್ಲಿ ಕೂತು ಒಂದು ಅಂಕಿ ನಿಗದಿ ಮಾಡಿದರೆ ಅದು ಝುವಾರಿ ದಂಡೆಯ ಚಿಕಾಳಿಗೂ ತಪ್ಪು, ಚಾಪೋರಾಕ್ಕೂ ತಪ್ಪು.

ಮಾದರಿ ತೆಗೆಯುವುದು ಹೀಗೆ. ಮೊದಲು ಕಾಲ್ನಡಿಗೆಯ ಸಮೀಕ್ಷೆ: ದಿಬ್ಬದ ಮೇಲ್ಗಡೆ ಎಷ್ಟು ನಾಲೆ ಬೀಳುತ್ತವೆ, ಎಲ್ಲಿ ಶೌಚಾಲಯ, ಹೋಟೆಲು, ದೋಣಿ ಕಟ್ಟುವ ಜಾಗ, ದನಗಳ ಕೊಟ್ಟಿಗೆ, ಇಳಿತದಲ್ಲಿ ನೀರು ಯಾವ ಕಡೆ ಎಳೆಯುತ್ತದೆ, ಎಲ್ಲವನ್ನೂ ನಕ್ಷೆಯ ಮೇಲೆ ಗುರುತು ಮಾಡಬೇಕು. ಇದಿಲ್ಲದೆ ಮಾದರಿ ತೆಗೆಯುವುದು ದುಡ್ಡಿನ ದಂಡ. ನಕ್ಷೆ ನೋಡಿ ಅತಿ ಕೆಟ್ಟ ಮೂಲೆ ಯಾವುದೋ ಅಲ್ಲಿ ಕಾಯಂ ಮಾದರಿ ಜಾಗ ನಿಲ್ಲಿಸಬೇಕು. ದಿಬ್ಬದ ನಡುವೆ ಅಥವಾ ಜೆಟ್ಟಿಯಿಂದ ಕೈಗೆಟುಕುವಲ್ಲಿ ತೆಗೆಯುವ ಆಸೆ ಎಲ್ಲ ಇಲಾಖೆಗೂ ಇರುತ್ತದೆ, ಬೇಡ. ಕೆಟ್ಟ ಮೂಲೆ ಪಾಸಾದರೆ ಇಡೀ ದಿಬ್ಬ ಪಾಸು.

ಹತ್ತಕ್ಕೆ ಕಡಿಮೆಯಿಲ್ಲದಷ್ಟು ಚಿಪ್ಪು, ಮಾರಾಟದ ಗಾತ್ರದವು. ಸಣ್ಣ ಜಾತಿಯಾದರೆ ಇನ್ನೂ ಹೆಚ್ಚು, ಮಾಂಸ ಮತ್ತು ಒಳನೀರು ಸೇರಿ 50 ಗ್ರಾಂ ಆದರೂ ಸಿಗಬೇಕು. ತೆಗೆದ ಜಾಗದ ನೀರಿನಲ್ಲೇ ಹೊರಗಿನ ಕೆಸರು ತೊಳೆದು ನೀರು ಬಸಿದುಬಿಡಬೇಕು. ಬಕೆಟ್ಟಿನಲ್ಲಿ ಮುಳುಗಿಸಿ ತರಬಾರದು, ದಾರಿಯಲ್ಲೇ ಕಕ್ಕಿಬಿಡುತ್ತವೆ, ಅಂಕಿ ಕೆಡುತ್ತದೆ. ಚೀಲದಲ್ಲಿ ಕಟ್ಟಿ ತಂಪು ಪೆಟ್ಟಿಗೆಯಲ್ಲಿಡಬೇಕು, ಐಸು ನೇರ ತಾಗಬಾರದು, ಸಾಯುತ್ತವೆ. ಇಪ್ಪತ್ನಾಲ್ಕು ಗಂಟೆಯೊಳಗೆ ಪರೀಕ್ಷೆ ಶುರುವಾಗಬೇಕು. ಚೀಟಿಯಲ್ಲಿ ಜಾಗ, ಸಮಯ, ಭರತವೋ ಇಳಿತವೋ, ನೀರಿನ ಉಷ್ಣತೆ, ಉಪ್ಪಿನಂಶ, ಹಿಂದಿನ ಎರಡು ದಿನದ ಮಳೆ. ಪ್ರಯೋಗಾಲಯದಲ್ಲಿ ಮೊದಲ ದಿನ 37 ಡಿಗ್ರಿಯಲ್ಲಿ ಐದೈದು ಕೊಳವೆಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಸಾರು, ಎರಡನೆಯ ದಿನ 44 ಡಿಗ್ರಿಯಲ್ಲಿ ಅದನ್ನೇ ಗುರುತಿಸುವ ತಟ್ಟೆ. ಎರಡು ದಿನದಲ್ಲಿ ಉತ್ತರ. ಆಟೊಕ್ಲೇವ್, ಎರಡು ಇನ್‌ಕ್ಯುಬೇಟರ್, ತರಬೇತಿ ಪಡೆದ ಒಬ್ಬಿಬ್ಬರು ಇದ್ದರೆ ನಡೆಯುವ ಕೆಲಸ. ದೋನಾ ಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ, ಹಳೇ ಗೋವಾದ ಕೇಂದ್ರ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಎರಡೂ ಇಲ್ಲೇ ಇರುವಾಗ ಜ್ಞಾನದ ಕೊರತೆ ಎನ್ನುವಂತಿಲ್ಲ. ಒಂದು ವರ್ಷ ಪ್ರತಿ ತಿಂಗಳೂ ತಪ್ಪದೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದರೆ ಮೊದಲ ದರ್ಜೆ ಕೊಡಬಹುದು.

ಮೀನು ಕೆಡದಂತೆ ಫಾರ್ಮಲಿನ್ ರಾಸಾಯನಿಕ ಹಾಕುತ್ತಾರೆ ಎಂಬ 2018ರ ಗದ್ದಲದಲ್ಲಿ ಎಲ್ಲರ ಕಣ್ಣೂ ಸಂತೆಯ ಮೀನಿನ ಮೇಲೆ, ಗಡಿ ದಾಟಿ ಬರುವ ಲಾರಿಗಳ ಮೇಲೆ ಇತ್ತು. ಮೀನಿಗೆ ಆಮೇಲೆ ಸೇರಿಸಿದ ರಾಸಾಯನಿಕ ಹಾಗೆ ಸಿಕ್ಕೀತು. ಚಿಪ್ಪಿಗೆ ಸಂತೆಯ ಪರೀಕ್ಷೆ ಆಗಿಬರುವುದಿಲ್ಲ. ಮಾರುವ ಬುಟ್ಟಿಯಲ್ಲಿ ಮೂರು ಜಾಗದ ಚಿಪ್ಪು ಬೆರೆತಿರುತ್ತದೆ, ಫಲಿತಾಂಶ ಬರುವ ಹೊತ್ತಿಗೆ ಬುಟ್ಟಿ ಖಾಲಿ.

‘ಬಿ’ ದರ್ಜೆಯ ದಿಬ್ಬಗಳಿಗೆ ಶುದ್ಧಿ ಘಟಕ ಬೇಕು. ಚಿಪ್ಪನ್ನು ಜೀವಂತವಾಗಿ ತೊಟ್ಟಿಯಲ್ಲಿಟ್ಟು, ಅತಿನೇರಳೆ ದೀಪದ ಕೆಳಗೆ ಹಾಯಿಸಿದ ಉಪ್ಪುನೀರು ಹರಿಸುತ್ತ, ತಾನಾಗಿ ಹೊಟ್ಟೆ ಖಾಲಿ ಮಾಡಿಕೊಳ್ಳಲು ಬಿಡುವುದು. ಬ್ರಿಟನ್ನಿನಲ್ಲಿ 42 ಗಂಟೆ ಕನಿಷ್ಠ. ತಪ್ಪುವುದು ಎಲ್ಲಿ ಎಂದರೆ, ಟ್ರೇ ತುಂಬ ಒತ್ತಾಗಿ ತುಂಬುತ್ತಾರೆ, ಬಾಯಿ ತೆರೆಯಲು ಜಾಗವಿಲ್ಲ. ಟ್ರೇಯನ್ನು ತೊಟ್ಟಿಯ ತಳಕ್ಕೆ ತಾಗಿಸಿಡುತ್ತಾರೆ, ಕಕ್ಕಿದ್ದನ್ನೇ ಮತ್ತೆ ಕುಡಿಯುತ್ತವೆ. ಬೆರಳೆರಡರಷ್ಟಾದರೂ ಎತ್ತರದಲ್ಲಿ ಇರಬೇಕು. ನಡುವೆ ಹೊಸ ಚಿಪ್ಪು ಸೇರಿಸುತ್ತಾರೆ, ಗಂಟೆಯ ಲೆಕ್ಕ ಮೊದಲಿನಿಂದ ಶುರುವಾಗಬೇಕು. ಕೆಸರು ನೀರಿಗೆ ದೀಪ ಹಾಕುತ್ತಾರೆ, ಬೆಳಕು ಒಳಗೆ ಹೋಗುವುದೇ ಇಲ್ಲ. ಉಪ್ಪಿನಂಶ ಚಿಪ್ಪು ತೆಗೆದ ಜಾಗದ್ದಕ್ಕೆ ಹೊಂದದಿದ್ದರೆ ಬಾಯಿ ಮುಚ್ಚಿ ಕೂರುತ್ತವೆ. ಕೊನೆಗೆ ಚಿಪ್ಪು ಎತ್ತುವ ಮೊದಲು ನೀರು ಖಾಲಿ ಮಾಡಬೇಕು. ನೀರೊಳಗಿಂದ ಎತ್ತಿದರೆ ತಳದ ಹೊಲಸು ಮೇಲೆದ್ದು ಎರಡು ದಿನದ ಕೆಲಸ ಮಣ್ಣುಪಾಲು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಹೋಗುವುದು ಕೊಳಚೆಯ ಬ್ಯಾಕ್ಟೀರಿಯಾ ಮಾತ್ರ. ವಾಂತಿಭೇದಿ ತರುವ ನೊರೊವೈರಸ್ ಕಾಲ್ವಾದ ಜೀರ್ಣಾಂಗದ ಸಕ್ಕರೆಯಂಥ ಅಣುಗಳಿಗೆ ಅಂಟಿಕೊಂಡು ಕೂರುತ್ತದೆ, ಎರಡು ದಿನಕ್ಕೆ ಬಿಡುವುದಿಲ್ಲ. ಹೆಪಟೈಟಿಸ್-ಎ ವೈರಸ್ಸೂ ಅಷ್ಟೇ. ವಿಬ್ರಿಯೊ ಎಂಬ, ಕಡಲಿನದ್ದೇ ಆದ ಬ್ಯಾಕ್ಟೀರಿಯಾವೂ ಪೂರ್ತಿ ಹೋಗುವುದಿಲ್ಲ. ಲೋಹ, ವಿಷ ಹೋಗುವುದೇ ಇಲ್ಲ. ‘ಶುದ್ಧೀಕರಿಸಿದ್ದು’ ಎಂಬ ಚೀಟಿ ಅಂಟಿಸಿ ‘ಸಿ’ ದರ್ಜೆಯ ಚಿಪ್ಪು ಮಾರಲು ಬಿಟ್ಟರೆ ಘಟಕ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

1988ರಲ್ಲಿ ಶಾಂಘೈಯಲ್ಲಿ ಕೊಳಚೆ ಬೀಳುವ ಕರಾವಳಿಯ ಚಿಪ್ಪನ್ನು ಅರೆಬೇಯಿಸಿ ತಿಂದು ಸುಮಾರು ಮೂರು ಲಕ್ಷ ಜನರಿಗೆ ಕಾಮಾಲೆ ಬಂತು, ಹೆಪಟೈಟಿಸ್-ಎ. ಈ ರೋಗ ತಿಂದ ಹದಿನೈದರಿಂದ ಐವತ್ತು ದಿನಗಳ ನಡುವೆ, ಸಾಮಾನ್ಯವಾಗಿ ನಾಲ್ಕು ವಾರಕ್ಕೆ ಕಾಣಿಸಿಕೊಳ್ಳುತ್ತದೆ. ಮಡಗಾಂವ್‌ನಲ್ಲಿ ಚಿಪ್ಪು ತಿಂದು ಊರಿಗೆ ಹೋದವರಿಗೆ ಬೆಳಗಾವಿಯಲ್ಲಿ ಕಾಮಾಲೆ ಬಂದರೆ ತಿಂಗಳ ಹಿಂದಿನ ಊಟ ಯಾರಿಗೆ ನೆನಪಿರುತ್ತದೆ? ‘ಇಲ್ಲಿ ಚಿಪ್ಪಿನಿಂದ ಕಾಯಿಲೆಯೇ ಬಂದಿಲ್ಲ’ ಎನ್ನುವ ಮಾತಿಗೆ ನಾವು ಹೆಚ್ಚು ಬೆಲೆ ಕೊಡದಿರುವುದು ಇದಕ್ಕೇ. ಅಮೆರಿಕದಲ್ಲಿ ಹೋಟೆಲಿನವರು ಪ್ರತಿ ಮೂಟೆಯ ಚೀಟಿಯನ್ನು, ತೆಗೆದ ಜಾಗ ಮತ್ತು ತಾರೀಖಿನ ಸಮೇತ, 90 ದಿನ ಇಟ್ಟುಕೊಳ್ಳಬೇಕು ಎಂಬ ನಿಯಮ ಇರುವುದೂ ಈ ಲೆಕ್ಕದ ಮೇಲೆಯೇ. ಗೋವಾದ ಹೋಟೆಲು, ಶ್ಯಾಕುಗಳಿಗೆ (ಕಡಲತೀರದ ತಾತ್ಕಾಲಿಕ ಊಟದ ಅಂಗಡಿಗಳಿಗೆ) ಆಹಾರ ಪರವಾನಗಿ ಕೊಡುವಾಗ ಈ ಚೀಟಿಯ ಷರತ್ತು ಸೇರಿಸುವುದು ಔಷಧ ಆಡಳಿತದವರ ಕೈಯಲ್ಲೇ ಇದೆ. ನಿಂಬೆ ಹಿಂಡಿ ಹಸಿ ಕಾಲ್ವಾ ಕೊಡುವ ಕಡೆಗಳಲ್ಲಿ ಮೊದಲು ಕೇಳಿ.

ಇನ್ನೊಂದು ಅಪಾಯಕ್ಕೆ ಕೊಳಚೆಯೇ ಬೇಕೆಂದಿಲ್ಲ. ಕೆಲವು ಜಾತಿಯ ಸೂಕ್ಷ್ಮ ಪಾಚಿಗಳು ಹೆಚ್ಚಿದಾಗ ಅವುಗಳ ವಿಷ ಚಿಪ್ಪಿನಲ್ಲಿ ಕೂಡುತ್ತದೆ. ಚಿಪ್ಪಿಗೆ ಏನೂ ಆಗುವುದಿಲ್ಲ, ತಿಂದವರ ತುಟಿ, ನಾಲಿಗೆ, ಬೆರಳ ತುದಿ ಜುಮುಗುಡುತ್ತವೆ, ಹೆಚ್ಚಾದರೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. ನಮ್ಮವರಿಗೆ ಇದು ದೂರದ ಕತೆಯಲ್ಲ: 1983ರಲ್ಲಿ ಮಂಗಳೂರಿನ ದಕ್ಷಿಣದ ಕುಂಬಳೆ ಹೊಳೆಯ ಅಳಿವೆಯ ಚಿಪ್ಪು ತಿಂದವರಲ್ಲಿ ಇದೇ ವಿಷ ಕಾಣಿಸಿಕೊಂಡು ಸಾವೂ ಆಗಿತ್ತು. 1997ರಲ್ಲಿ ಕೇರಳದ ವಿಳಿಂಞದಲ್ಲಿ ಪಚ್ಚಿಲೆಯ ಜಾತಿಯದ್ದನ್ನು ತಿಂದು ಏಳು ಜನ ತೀರಿಕೊಂಡರು. ಬೇಯಿಸಿದರೆ ಈ ವಿಷ ಹೋಗುವುದಿಲ್ಲ, ಸ್ವಲ್ಪ ಭಾಗ ಸಾರಿಗೆ ಇಳಿಯುತ್ತದೆ ಅಷ್ಟೆ. ಮದ್ದಿಲ್ಲ, ಉಸಿರಾಟಕ್ಕೆ ಯಂತ್ರದ ಆಸರೆ ಕೊಟ್ಟು ಕಾಯಬೇಕು. ನೀರು ಕೆಂಪಾದರೆ ವಿಷ, ಇಲ್ಲದಿದ್ದರೆ ಇಲ್ಲ ಎಂಬ ನಂಬಿಕೆ ಎರಡೂ ಕಡೆ ಸುಳ್ಳು. ಈ ಪಾಚಿ ವಿಷಗಳಿಗೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಸಂಹಿತೆಯ ಮಿತಿ ಕಿಲೋ ಮಾಂಸಕ್ಕೆ ಸ್ಯಾಕ್ಸಿಟಾಕ್ಸಿನ್ 0.8 ಮಿಲಿಗ್ರಾಂ, ಒಕಡಾಯಿಕ್ ಆಮ್ಲ 0.16, ಡೊಮೊಯಿಕ್ ಆಮ್ಲ 20. ಇ-ಕೋಲೈಗೆ ತೆಗೆದ ಮಾದರಿಯಿಂದಲೇ ಒಂದು ಪಾಲು ಈ ಪರೀಕ್ಷೆಗೆ ಕಳಿಸಬಹುದು. ತುಟಿ ಜುಮುಗುಟ್ಟುತ್ತಿದೆ ಎಂದು ಬಂದವರನ್ನು ಏನು ತಿಂದಿರಿ ಎಂದು ಕೇಳಲು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಒಂದು ಸುತ್ತೋಲೆ ಸಾಕು.

ಲೋಹ, ಎಣ್ಣೆ, ಹಡಗಿನ ಬಣ್ಣದ ಬಗ್ಗೆ ಚುಟುಕಾಗಿ. ಕ್ಯಾಡ್ಮಿಯಂ, ಸೀಸ ತಿಂಗಳುಗಟ್ಟಲೆ ಮಾಂಸದಲ್ಲಿ ನಿಲ್ಲುತ್ತವೆ, ವರ್ಷಕ್ಕೆ ಎರಡು ಬಾರಿ ಅಳೆದರೆ ಸಾಕು. ಅದಿರಿನ ಬಾರ್ಜುಗಳು ಓಡಾಡುವ ಕಡೆ ತೇಲುಮಣ್ಣು ಹೆಚ್ಚಿ ಕಿವಿರು ಕಟ್ಟುತ್ತದೆ, ಚಿಪ್ಪು ಬಡವಾಗುತ್ತದೆ. ಹಡಗಿನ ತಳಕ್ಕೆ ಬಳಿಯುತ್ತಿದ್ದ ತವರದ ಬಣ್ಣ ಫ್ರಾನ್ಸಿನ ಅರ್ಕಾಶೋನ್ ಕೊಲ್ಲಿಯ ಕಾಲ್ವಾ ಕೃಷಿಯನ್ನೇ ಕೆಡವಿತ್ತು. 2008ರಿಂದ ಅಂತರರಾಷ್ಟ್ರೀಯ ನಿಷೇಧ ಇದ್ದರೂ ಹಡಗು ರಿಪೇರಿ ಅಂಗಳಗಳ ಕೆಸರಿನಲ್ಲಿ ಹಳೆಯ ಬಣ್ಣದ ಪುಡಿ ಉಳಿಯುತ್ತದೆ. ಝುವಾರಿಯ ಅಂಗಳಗಳ ಮಗ್ಗುಲಲ್ಲಿ ಚಿಪ್ಪು ಆಯುವುದನ್ನು ಪರೀಕ್ಷೆಗೂ ಮುಂಚೆಯೇ ನಿಲ್ಲಿಸಬಹುದು. ಕಡಲಿಗೆ ಸೋರಿದ ಎಣ್ಣೆ ಗಟ್ಟಿಯಾದ ಟಾರು ಉಂಡೆ ತೀರಕ್ಕೆ ಬಂದ ವಾರ ಬಂಡೆಯ ಕಾಲ್ವಾ, ಶಿನಾಣ್ಯೊ ಬೇಡ. ಎಣ್ಣೆಯ ಸಂಯುಕ್ತಗಳನ್ನು ಮೀನಿನಂತೆ ಒಡೆದು ಹೊರಹಾಕುವ ಶಕ್ತಿ ಚಿಪ್ಪಿಗೆ ಇಲ್ಲ.

ಬೋರ್ಡು ಬರುವವರೆಗೆ ಅಡುಗೆಮನೆಯಲ್ಲಿ ಮಾಡಬಹುದಾದ್ದು ಇಷ್ಟು. ಬಾಯಿ ತೆರೆದಿದ್ದು, ತಟ್ಟಿದರೂ ಮುಚ್ಚದ್ದನ್ನು ಎಸೆಯಿರಿ. ಮರಳು ಬಿಡಿಸಲು ಲೀಟರಿಗೆ 20ರಿಂದ 25 ಗ್ರಾಂ ಕಲ್ಲುಪ್ಪು ಹಾಕಿದ ನೀರಿನಲ್ಲಿ, ಅಗಲವಾದ ಪಾತ್ರೆಯಲ್ಲಿ, ಒಂದೇ ಪದರವಾಗಿ ಎರಡು ಮೂರು ಗಂಟೆ. ರಾತ್ರಿಯಿಡೀ ಬಕೆಟ್ಟಿನಲ್ಲಿ ಇಟ್ಟರೆ ಆಮ್ಲಜನಕ ತೀರಿ ಸಾಯುತ್ತವೆ. ಬರಿ ನಲ್ಲಿನೀರಿಗೆ ಬಾಯಿಯೇ ತೆರೆಯುವುದಿಲ್ಲ. ಇದರಿಂದ ಹೋಗುವುದು ಮರಳು, ರೋಗಾಣುವಲ್ಲ. ತಂದು ಇಡುವುದಾದರೆ ಒದ್ದೆ ಗೋಣಿಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ, ಸೆಖೆಯಲ್ಲಿ ಹೊರಗಿಟ್ಟರೆ ವಿಬ್ರಿಯೊ ಗಂಟೆಗಳಲ್ಲೇ ದುಪ್ಪಟ್ಟು, ಮುಪ್ಪಟ್ಟು ಆಗುತ್ತದೆ. ಚಿಪ್ಪು ಬಾಯಿ ಬಿಟ್ಟಿತು ಎಂದರೆ ಬೆಂದಿತು ಎಂದಲ್ಲ. ವೈರಸ್ ಸಾಯಲು ಮಾಂಸದ ಒಳಗೆ 90 ಡಿಗ್ರಿ ಒಂದೂವರೆ ನಿಮಿಷ ನಿಲ್ಲಬೇಕು. ಬಾಯಿ ತೆರೆದ ಮೇಲೂ ಕುದಿಯುವ ನೀರಿನಲ್ಲಾದರೆ ಐದು ನಿಮಿಷ, ಹಬೆಯಲ್ಲಾದರೆ ಎಂಟೊಂಬತ್ತು ನಿಮಿಷ. ಪಾತ್ರೆ ತುಂಬ ತುರುಕಬೇಡಿ, ನಡುವಿನವು ಬೇಯುವುದಿಲ್ಲ. ಈಳಿಗೆಯಲ್ಲಿ ಹಸಿಯಾಗಿ ಬಿಡಿಸಿ ಸುಕ್ಕಾ ಮಾಡುವವರು ಮಸಾಲೆ ಹಾಕುವ ಮೊದಲು ಚಿಪ್ಪನ್ನೇ ಮುಚ್ಚಿ ಬೇಯಿಸಿಕೊಳ್ಳಿ. ನಮಗೆ ಹೆಚ್ಚು ಭಯ ರವೆ ಫ್ರೈ: ಹೊರಗೆ ಗರಿಗರಿ ಕೆಂಪಾಗುವಷ್ಟರಲ್ಲಿ ಕಾಲ್ವಾದ ಒಳಗು ಇನ್ನೂ ಬೆಚ್ಚಗಷ್ಟೇ ಆಗಿರುತ್ತದೆ. ಮೊದಲು ಹಬೆಯಲ್ಲಿ ಬೇಯಿಸಿ, ಆಮೇಲೆ ರವೆಗೆ ಹೊರಳಿಸಿ. ರುಚಿ ಸ್ವಲ್ಪ ಗಟ್ಟಿಯಾಗುತ್ತದೆ, ಒಪ್ಪಿಕೊಳ್ಳಿ. ಲಿವರ್ ಕಾಯಿಲೆ, ಸಕ್ಕರೆ ಕಾಯಿಲೆ ಇದ್ದವರು, ಬಸುರಿಯರು ಹಸಿಯದ್ದನ್ನು ಮುಟ್ಟಲೇಬಾರದು.

ದಿಬ್ಬ ಮುಚ್ಚಿದ ದಿನ ಚಿಪ್ಪು ಆಯುವ ಹೆಂಗಸರ ದುಡಿಮೆ ಹೋಗುತ್ತದೆ. ಹೊಲಸು ಬಿಟ್ಟವರು ಅವರಲ್ಲ. ಯಂತ್ರದೋಣಿಯ ನಿಷೇಧದ ದಿನಗಳಿಗೆ ಪರಿಹಾರದ ಮಾತು ಬರುವಂತೆ ಇವರಿಗೂ ಬರಬೇಕು. ಅದರ ದುಡ್ಡು ನಾಲೆಗೆ ಕೊಳಚೆ ಬಿಟ್ಟವರಿಂದ ಮಂಡಳಿ ವಸೂಲು ಮಾಡುವ ಪರಿಸರ ದಂಡದಿಂದ ಬರಲಿ. ಇವರನ್ನೇ ಮಾದರಿ ತೆಗೆಯಲು ತರಬೇತಿ ಕೊಟ್ಟು ದಿನಗೂಲಿ ಕೊಟ್ಟರೆ ಇನ್ನೂ ಒಳ್ಳೆಯದು, ಯಾವ ಇಳಿತದಲ್ಲಿ ಯಾವ ನಾಲೆ ಕಪ್ಪಾಗುತ್ತದೆ ಎಂದು ಇವರಷ್ಟು ಬಲ್ಲವರಿಲ್ಲ. ಕೇರಳದ ಅಷ್ಟಮುಡಿ ಹಿನ್ನೀರಿನ ಚಿಪ್ಪಿಗೆ 2014ರಲ್ಲಿ ಅಂತರರಾಷ್ಟ್ರೀಯ ಸುಸ್ಥಿರ ಮೀನುಗಾರಿಕೆಯ ಪ್ರಮಾಣಪತ್ರ ಸಿಕ್ಕಿದ್ದು ಆಯುವವರನ್ನು ಜೊತೆಗಿಟ್ಟುಕೊಂಡು ಮಾಡಿದ ಕೆಲಸಕ್ಕೆ. ಅದು ಸಂತತಿ ಉಳಿಸುವ ಪ್ರಮಾಣಪತ್ರ, ಸ್ವಚ್ಛತೆಯದ್ದಲ್ಲ. ಆದರೆ ಸಂಘಟನೆ ಸಾಧ್ಯ ಎಂಬುದಕ್ಕೆ ಸಾಕ್ಷಿ.

ಮೊದಲ ವರ್ಷಕ್ಕೆ ನಾಲ್ಕು ಜಾಗ ಸಾಕು: ಮೊಬೊರ್‌ನ ಒಳಮಗ್ಗುಲು, ಚಿಕಾಳಿಯ ಕೊಲ್ಲಿ, ಮಾಂಡವಿಯಲ್ಲಿ ಟೊಂಕಾದ ಕೆಳಗೆ, ಚಾಪೋರಾದ ಬಾಯಿ. ಸಮೀಕ್ಷೆ ಅಕ್ಟೋಬರ್‌ನಲ್ಲಿ ಮುಗಿಸಿ ನವೆಂಬರ್‌ನಿಂದ ಮಾದರಿ ಶುರು ಮಾಡಿದರೆ ಮುಂದಿನ ಮುಂಗಾರಿನ ಹೊತ್ತಿಗೆ ಪ್ರತಿ ಜಾಗದ ಏಳು ತಿಂಗಳ ಅಂಕಿ ಕೈಯಲ್ಲಿರುತ್ತದೆ. ಫಲಿತಾಂಶ ಬಂದ ದಿನವೇ ಕೊಂಕಣಿ, ಮರಾಠಿ, ಕನ್ನಡ ಮೂರರಲ್ಲೂ ದಂಡೆಯ ಬೋರ್ಡಿನಲ್ಲಿ ಮತ್ತು ಮೀನು ಮಾರುಕಟ್ಟೆಯ ಬಾಗಿಲಲ್ಲಿ ಬರೆಯಿಸಿ. ಮೂರೂ ಕಚೇರಿಗಳಲ್ಲಿ ಈ ಕೆಲಸಕ್ಕೆ ಹೊಣೆಯಾದ ಅಧಿಕಾರಿ ಯಾರು ಎಂಬುದನ್ನು ಬರಹದಲ್ಲಿ ತಿಳಿಸಿ. ಆ ಉತ್ತರವನ್ನೂ ಈ ಪತ್ರದ ಹಾಗೆಯೇ ಬಹಿರಂಗವಾಗಿ ಹಂಚುತ್ತೇವೆ.

ಇಂತಿ,
ಗೋವಾದಲ್ಲಿ ನೆಲೆಸಿ ಕಡಲಜೀವಿ, ಆಹಾರ ಪರೀಕ್ಷೆ ಮತ್ತು ಸಾರ್ವಜನಿಕ ಆರೋಗ್ಯದ ಕೆಲಸದಲ್ಲಿರುವ ಕನ್ನಡಿಗರು